ಕೂಸಿನ ಹೆಸರಿನ ಕೌದಿ, ಕೂಸಿನ ಕೋಣೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆಯೇ ಕೌದಿ. ಹೆಸರು ಹಾಕಿದ ಕೌದಿ ಕೆಡುವುದು ಹೆಚ್ಚಾಗಿ ಕೈಕೆಲಸ ಬಾರದ್ದಕ್ಕಲ್ಲ, ಕೆಲಸದ ಸರದಿ ತಪ್ಪಿದ್ದಕ್ಕೆ. ಪದರಗಳನ್ನೆಲ್ಲ ಕೂಡಿಸಿ ಹೊಲಿದ ಮೇಲೆ ಹೆಸರು ಹಾಕಲು ಕೂತರೆ ಅಕ್ಷರದ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ, ಗಂಟುಗಳೆಲ್ಲ ಹಿಂಬದಿಗೆ ಬಂದು ಕೂಸಿನ ಮೈಗೆ ಒತ್ತುತ್ತವೆ. ಒಗೆಯದೆ ಕತ್ತರಿಸಿದರೆ ಮೊದಲ ನೀರಿಗೇ ಇಳಕಲ್ ಸೆರಗಿನ ಕೆಂಪು ಬಿಳಿ ಬಟ್ಟೆಗೆ ಹರಿಯುತ್ತದೆ. ಕೋಣೆಯಲ್ಲೂ ಹೀಗೇ. ತೋರಣ, ಗೊಂಡೆ ಎಲ್ಲ ಕಟ್ಟಿ ಮುಗಿದ ಮೇಲೆ ತೊಟ್ಟಿಲಿಗೆ ಜಾಗ ಹುಡುಕುತ್ತಾರೆ, ಕಡೆಗೆ ಅದು ಕಿಟಕಿಯ ಪರದೆಯ ಕೆಳಗೋ ತಿಜೋರಿಯ ಪಕ್ಕಕ್ಕೋ ಬಂದು ನಿಲ್ಲುತ್ತದೆ.

ಸೂಜಿ ಹಿಡಿಯುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು. ಈ ಕೌದಿ ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಹೊದಿಸಲು ಅಲ್ಲ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಲು, ತೊಡೆಯ ಮೇಲೆ ಹಾಸಿಕೊಳ್ಳಲು, ಲಸಿಕೆಗೆ ಒಯ್ಯುವಾಗ ಮುಖ ಬಿಟ್ಟು ಸುತ್ತಿಕೊಳ್ಳಲು. ಒಂದು ವರ್ಷ ತುಂಬುವವರೆಗೆ ಕೂಸು ನಿದ್ದೆ ಮಾಡುವ ಜಾಗದಲ್ಲಿ ಸಡಿಲ ಹೊದಿಕೆ, ತಲೆದಿಂಬು, ಗೊಂಬೆ ಯಾವುದೂ ಇರಬಾರದು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪರಿಷ್ಕರಿಸಿದ ಸೂಚನೆಯೂ ಇದನ್ನೇ ಹೇಳುತ್ತದೆ. ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸುವ ಶಕ್ತಿ ಎಳೆಗೂಸಿನ ಕೈಗೆ ಇರುವುದಿಲ್ಲ. ಕೌದಿಯ ಅಳತೆ, ಪದರ, ಹೊಲಿಗೆ ಎಲ್ಲವೂ ಈ ತೀರ್ಮಾನದ ಮೇಲೆ ನಿಂತಿವೆ.

## ಬೇಕಾಗುವ ಸಾಮಾನು

75 × 90 ಸೆಂ.ಮೀ. ಅಳತೆಯ ಒಂದು ಕೌದಿಗೆ:

- ಮೇಲ್ಪದರಕ್ಕೆ ಹಳೆಯ ನೂಲಿನ ಸೀರೆ. ಬಳಸಿ ಮೆತ್ತಗಾಗಿರಬೇಕು, ಆದರೆ ಎಳೆದರೆ ಹರಿಯಬಾರದು.
- ಹಿಂಬದಿಗೆ ಮಂಜರಪಾಟ ಅಥವಾ ಮೆತ್ತನೆಯ ಬಿಳಿ ನೂಲಿನ ಬಟ್ಟೆ, ಸುಮಾರು ಒಂದೂಕಾಲು ಮೀಟರ್.
- ಅಂಚಿಗೆ 5 ಸೆಂ.ಮೀ. ಅಗಲದ ಪಟ್ಟಿ, ಕೂಡಿಸಿ ಹೊಲಿದಾಗ 3.6 ಮೀಟರ್ ಉದ್ದ ಬರಬೇಕು.
- ಹೆಸರಿನ ಪಟ್ಟಿಗೆ ಮ್ಯಾಟಿ ಬಟ್ಟೆ (ಚೌಕ ಎಣಿಸಿ ಹೊಲಿಯಲು ಬರುವ ನೇಯ್ಗೆಯದು), ಇಂಚಿಗೆ 12 ಚೌಕ ಬರುವಂಥದ್ದು.
- ಕೌದಿ ಹೊಲಿಯಲು ನೂಲಿನ ದಾರ. 2 ಸೆಂ.ಮೀ. ಅಂತರದ ಸಾಲುಗಳಿಗೆ ಎರಡೆಳೆ ಹಿಡಿದರೆ 80ರಿಂದ 90 ಮೀಟರ್ ಹೋಗುತ್ತದೆ. ನಡುವೆ ಸಾಲದೆ ಬಂದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ, ಮೊದಲೇ ಎರಡು ರೀಲು ತನ್ನಿ.
- ಕಸೂತಿ ದಾರದ ಎರಡು ಲಡಿ, ಮೊನೆ ಮೊಂಡಾದ 24ನೇ ನಂಬರಿನ ಸೂಜಿ, ಕೌದಿಗೆ 7ನೇ ನಂಬರಿನ ಉದ್ದ ಸೂಜಿ, ಎಂಬ್ರಾಯ್ಡರಿ ರಿಂಗು, ಗ್ರಾಫ್ ಹಾಳೆ, ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ.

ಗುಂಡುಪಿನ್ನು ಬಳಸುವುದಾದರೆ ಎಣಿಸಿ ತೆಗೆದುಕೊಳ್ಳಿ, ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿ. ಒಂದು ಕಡಿಮೆ ಬಂದರೂ ಕೌದಿ ಕೂಸಿನ ಹತ್ತಿರ ಹೋಗಕೂಡದು.

## ಹಂತ 1: ಬಟ್ಟೆ ಆರಿಸಿ, ಪರೀಕ್ಷೆ ಮಾಡಿ

ಮೂರು ಪರೀಕ್ಷೆಗಳಿವೆ. ಮೂರೂ ಕತ್ತರಿ ಹಾಕುವ ಮೊದಲೇ ಆಗಬೇಕು.

ಮೊದಲನೆಯದು ವಾಸನೆ. ಅಜ್ಜಿಯ ಸೀರೆಯಿಂದಲೇ ಕೌದಿ ಆಗಬೇಕು ಎನ್ನುವ ಆಸೆ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಆ ಸೀರೆ ವರ್ಷಗಟ್ಟಲೆ ಟ್ರಂಕಿನಲ್ಲಿ ಡಾಂಬರ ಗುಳಿಗೆಯ ಜೊತೆ ಇದ್ದದ್ದಾಗಿರುತ್ತದೆ. ಆ ಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಂದ ಹುಟ್ಟಿದ ಕೂಸಿಗೆ ಅದರ ಆವಿ ತಾಗಿದರೆ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು, ಮತ್ತು ಈ ಕೊರತೆ ಇದೆಯೋ ಇಲ್ಲವೋ ಹುಟ್ಟಿದಾಗ ನೋಡಿ ತಿಳಿಯುವಂಥದ್ದಲ್ಲ. ಸೀರೆಯನ್ನು ಬಿಸಿನೀರಲ್ಲಿ ಎರಡು ಸಲ ಒಗೆದು, ಕೆಲವು ದಿನ ಗಾಳಿ ಬಿಸಿಲಿಗೆ ಹರವಿ. ಮಡಚಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮೂಸಿ ನೋಡಿದಾಗಲೂ ವಾಸನೆ ಬಂದರೆ ಆ ಸೀರೆಯನ್ನು ಬಿಟ್ಟುಬಿಡಿ. ಕುಂಚಿಗೆ, ದುಬಟಿ, ಹಿರಿಯರು ಎತ್ತಿಟ್ಟ ಸ್ವೆಟರಿಗೂ ಇದೇ ಮಾತು.

ಎರಡನೆಯದು ನೂಲು. ಅಂಚಿನಿಂದ ಐದಾರು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ನೂಲು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹತ್ತಿಯೆಂದೇ ಕೊಂಡ ಇಳಕಲ್ ಸೀರೆಗಳಲ್ಲೂ ಈಗ ಬೆರಕೆ ಇರುತ್ತದೆ, ಹೆಸರು ನೋಡಿ ನಂಬಬೇಡಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕೂಸಿನ ಬೆನ್ನಿಗೆ ಬೆವರುಸಾಲೆ ಏಳುವುದಕ್ಕೆ ಅಷ್ಟು ಸಾಕು.

ಮೂರನೆಯದು ಬಣ್ಣ. ಬಿಳಿ ಬಟ್ಟೆಯ ಚೂರನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಸೀರೆಯ ಒಡಲು, ಅಂಚು, ಸೆರಗು ಮೂರರ ಮೇಲೂ ಬೇರೆ ಬೇರೆಯಾಗಿ ಗಟ್ಟಿಯಾಗಿ ಉಜ್ಜಿ. ಒಡಲು ಬಣ್ಣ ಬಿಡದಿದ್ದರೂ ಸೆರಗು ಬಿಡಬಹುದು, ಏಕೆಂದರೆ ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡರ ನೂಲೂ ಬಣ್ಣವೂ ಒಂದೇ ಅಲ್ಲ. ಕರಿಯ ಚಂದ್ರಕಾಳಿ ಸೀರೆಯನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಿ. ಮೂರು ಸಲ ಒಗೆದರೂ ಬಣ್ಣ ಬಿಡುವ ಬಟ್ಟೆ ಕೂಸಿನ ಬಾಯಿಗೆ ಹೋಗುವ ಕೌದಿಗೆ ಬೇಡ, ಗೋಡೆಯ ಅಲಂಕಾರಕ್ಕೆ ಇಡಿ.

ಜರಿ ಇರುವ ಅಂಚನ್ನು ಕತ್ತರಿಸಿ ತೆಗೆಯಿರಿ, ಚರ್ಮಕ್ಕೆ ಗೀರುತ್ತದೆ. ಗುಳೇದಗುಡ್ಡದ ಖಣ (ರವಿಕೆಯ ಬಟ್ಟೆ) ಎಷ್ಟೇ ಚಂದ ಕಂಡರೂ ಅದರ ಜಾಗ ಕೌದಿಯಲ್ಲ. ಅದರ ಕೆಲಸ ಮುಂದೆ ಬರುತ್ತದೆ.

## ಹಂತ 2: ಒಗೆದು, ಇಸ್ತ್ರಿ ಮಾಡಿ, ಕತ್ತರಿಸಿ

ಹೊಸ ಮಂಜರಪಾಟದಲ್ಲಿ ಗಂಜಿ ಇರುತ್ತದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಸಿನೀರಲ್ಲಿ ಒಗೆದರೆ ಮೀಟರಿಗೆ ನಾಲ್ಕೈದು ಸೆಂ.ಮೀ. ಕುಗ್ಗುವುದುಂಟು. ಹಳೆಯ ಸೀರೆ ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ. ಎರಡನ್ನೂ ಒಗೆಯದೆ ಕೂಡಿಸಿದರೆ ಹಿಂಬದಿ ಮಾತ್ರ ಕುಗ್ಗಿ ಕೌದಿ ದೋಣಿಯ ಹಾಗೆ ಮುದುಡಿಕೊಳ್ಳುತ್ತದೆ, ಆಮೇಲೆ ಅದನ್ನು ಸರಿಮಾಡುವ ದಾರಿ ಇಲ್ಲ. ಅಂಚುಪಟ್ಟಿಯನ್ನೂ ಮ್ಯಾಟಿ ಬಟ್ಟೆಯನ್ನೂ ಜೊತೆಗೇ ಒಗೆಯಿರಿ.

ಎಲ್ಲ ಪದರಗಳನ್ನೂ 82 × 97 ಸೆಂ.ಮೀ. ಅಳತೆಗೆ ಕತ್ತರಿಸಿ. ಟಾಕಿ (ಕೈಹೊಲಿಗೆ) ಹಾಕುತ್ತ ಹೋದಂತೆ ಬಟ್ಟೆ ಒಳಗೆಳೆದುಕೊಳ್ಳುತ್ತದೆ. ಹೆಚ್ಚಿಗೆ ಬಿಟ್ಟ ಏಳು ಸೆಂ.ಮೀ. ಅದಕ್ಕಾಗಿ.

ಪದರ ಎಷ್ಟು ಎಂಬುದನ್ನು ಊರು ಮತ್ತು ತಿಂಗಳು ನೋಡಿ ಹೇಳಬೇಕು. ವಿಜಯಪುರ, ಬಾಗಲಕೋಟೆಯಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಬಳಸುವುದಾದರೆ ಎರಡೇ ಪದರ, ಮಧ್ಯಕ್ಕೆ ಏನೂ ಬೇಡ. ಬೆಳಗಾವಿಯ ಮಳೆಗಾಲಕ್ಕೂ ಚಳಿಗೂ ಮಧ್ಯೆ ಇನ್ನೊಂದು ಹಳೆಯ ಸೀರೆಯ ಪದರ ಹಾಕಿ. ಮೂರಕ್ಕಿಂತ ಹೆಚ್ಚು ಬೇಡ. ದೊಡ್ಡವರ ಕೌದಿಗೆ ಏಳೆಂಟು ಪದರ ಹಾಕಿ ರೂಢಿ ಇದ್ದವರು ಇಲ್ಲೇ ಎಡವುತ್ತಾರೆ. ಮುಗಿದ ಕೌದಿಯನ್ನು ತಕ್ಕಡಿಗೆ ಹಾಕಿದಾಗ 350 ಗ್ರಾಂ ದಾಟಿದರೆ ಅದು ಎಳೆಗೂಸಿಗೆ ಭಾರವೇ.

## ಹಂತ 3: ಹೆಸರಿನ ಪಟ್ಟಿ ಬೇರೆಯಾಗಿಯೇ ತಯಾರಾಗಲಿ

ಹೆಸರು ಗೊತ್ತಾಗುವುದು ತೊಟ್ಟಿಲ ಕಾರ್ಯದ ದಿನ. ಕೌದಿ ಅದಕ್ಕೂ ಮೊದಲೇ ಮುಗಿದಿರಬೇಕು. ಆದ್ದರಿಂದ ಹೆಸರನ್ನು ಕೌದಿಯ ಮೇಲೆ ನೇರವಾಗಿ ಹಾಕದೆ ಪ್ರತ್ಯೇಕ ಪಟ್ಟಿಯ ಮೇಲೆ ಹಾಕಿ, ಆಮೇಲೆ ಜೋಡಿಸುವುದೇ ನಮ್ಮ ಮಟ್ಟಿಗೆ ಸರಿಯಾದ ಕ್ರಮ. ಹೆಸರು ಕಡೇ ಗಳಿಗೆಯಲ್ಲಿ ಬದಲಾದರೂ, ಸೋದರತ್ತೆಯೇ ಬದಲಿಸಿದರೂ, ಕೌದಿ ಬಿಚ್ಚುವ ಪ್ರಸಂಗ ಬರುವುದಿಲ್ಲ.

ಪಟ್ಟಿಯ ಅಳತೆಯನ್ನು ಗ್ರಾಫ್ ಹಾಳೆಯ ಮೇಲೆ ಲೆಕ್ಕ ಹಾಕಿ. ಅಕ್ಷರದ ಎತ್ತರ 12 ಚೌಕ ಹಿಡಿದರೆ ಒಂದು ಇಂಚು ಬರುತ್ತದೆ. ಇದಕ್ಕಿಂತ ಚಿಕ್ಕದಾದರೆ ಕನ್ನಡದ ಗುಂಡು ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ. ಮೇಲೆ ಗುಡಿಸು, ತಲೆಕಟ್ಟಿಗೆ 4 ಚೌಕ, ಕೆಳಗೆ ಒತ್ತಕ್ಷರಕ್ಕೆ 6 ಚೌಕ ಸೇರಿಸಿ. ಒಟ್ಟು 22 ಚೌಕ, ಅಂದರೆ ಸುಮಾರು 4.7 ಸೆಂ.ಮೀ. ಪಟ್ಟಿಯ ಎತ್ತರ 8 ಸೆಂ.ಮೀ. ಇದ್ದರೆ ಮಡಿಕೆಗೂ ಜಾಗ ಉಳಿಯುತ್ತದೆ.

ಅಗಲಕ್ಕೆ ಅಕ್ಷರಕ್ಕೆ 14 ಚೌಕ, ನಡುವಿನ ಬಿಡುವಿಗೆ 3 ಚೌಕ. 'ಮಲ್ಲಿಕಾರ್ಜುನ' ಎಂಬ ಹೆಸರನ್ನು ತೆಗೆದುಕೊಳ್ಳಿ. ಐದು ಅಕ್ಷರಕ್ಕೆ 70, ನಾಲ್ಕು ಬಿಡುವಿಗೆ 12, ದೀರ್ಘಕ್ಕೆ 4, ಅರ್ಕಾವೊತ್ತಿಗೆ 7. ಒಟ್ಟು 93 ಚೌಕ, ಸುಮಾರು 20 ಸೆಂ.ಮೀ. ಪಟ್ಟಿ 26 ಸೆಂ.ಮೀ. ಬೇಕು. ಲ ಒತ್ತು ಕೆಳಗೆ ಹೋಗುತ್ತದೆ, ಅರ್ಕಾವೊತ್ತು ಬಲಕ್ಕೆ ಹೋಗುತ್ತದೆ. ಇದನ್ನು ಮರೆತವರ ಕೊನೆಯ ಅಕ್ಷರ ಪಟ್ಟಿಯ ಅಂಚಿಗೆ ತಾಗಿ ಇಕ್ಕಟ್ಟಾಗಿ ಕೂರುತ್ತದೆ. ಹಾಳೆಯ ಮೇಲೆ ನಡುವಿನ ಚೌಕ ಗುರುತಿಸಿ, ಹೊಲಿಗೆಯನ್ನು ನಡುವಿನಿಂದ ಎರಡೂ ಕಡೆಗೆ ಒಯ್ಯಿರಿ.

ಅಕ್ಷರಗಳಿಗೆ ಹಿಂಟಾಕಿಯೇ, ಅಂದರೆ ಪ್ರತಿ ಸಲ ಸೂಜಿಯನ್ನು ಹಿಂದಕ್ಕೆ ತಂದು ಹಾಕುವ ಹೊಲಿಗೆಯೇ, ಹೊಂದುತ್ತದೆ. ಕಸೂತಿಯ ಗವಂತಿ ಎಂಬ ಹೊಲಿಗೆ ನೆಟ್ಟಗೆ, ಅಡ್ಡ, ಓರೆ ಗೆರೆಗಳಲ್ಲಿ ಮಾತ್ರ ಓಡುವುದರಿಂದ ಅದರಲ್ಲಿ ಗುಂಡು ಅಕ್ಷರ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಗವಂತಿಯನ್ನು ಹೆಸರಿನ ಎರಡು ಬದಿಯ ಚಿತ್ತಾರಕ್ಕೆ ಇಡಿ: ಚಿಕ್ಕ ಗೋಪುರ, ತುಳಸಿಕಟ್ಟೆ, ನಕ್ಷತ್ರದಂಥ ಹೂವು. ಹೋಗುವಾಗ ಒಂದು ಬಿಟ್ಟು ಒಂದು ಟಾಕಿ, ಬರುವಾಗ ಬಿಟ್ಟ ಜಾಗ ತುಂಬುವುದು. ಎರಡೂ ಬದಿ ಒಂದೇ ತರ ಕಾಣುವ ಈ ಹೊಲಿಗೆಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ, ಕೂಸಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. 5 ಸೆಂ.ಮೀ. ಬಾಲ ಬಿಟ್ಟು ಶುರುಮಾಡಿ, ಮುಗಿದ ಮೇಲೆ ಆ ಬಾಲವನ್ನು ಹಿಂದಿನ ಟಾಕಿಗಳ ಕೆಳಗೆ ತೂರಿಸಿ. ಹೆಸರಿಗೂ ಇದೇ ರೀತಿ ಮಾಡಿ. ಗವಂತಿಯ ದಾರಿಯನ್ನು ಮೊದಲು ಪೆನ್ಸಿಲ್ಲಿನಲ್ಲಿ ಓಡಿಸಿ ನೋಡಿ. ಹೊರಟ ಜಾಗಕ್ಕೆ ವಾಪಸು ಬರಲು ದಾರಿ ಇಲ್ಲದಿದ್ದರೆ ನಡುವೆ ದಾರ ಕತ್ತರಿಸಬೇಕಾಗುತ್ತದೆ.

ಆರೆಳೆಯ ದಾರದಲ್ಲಿ ಎರಡೇ ಎಳೆ ಬಿಡಿಸಿಕೊಳ್ಳಿ, ಉದ್ದ ಒಂದು ಮೊಳಕ್ಕಿಂತ ಹೆಚ್ಚು ಬೇಡ. ಗುರುತು ಹಾಕಲು ಕಾರ್ಬನ್ ಕಾಗದ ಬಳಸಬೇಡಿ. ನೀರಿಗೆ ಅಳಿಯುವ ಪೆನ್ನಾದರೆ ಒಗೆದ ಮೇಲೆಯೇ ಇಸ್ತ್ರಿ ಮಾಡಿ. ಬಿಸಿ ತಾಗಿದ ಗುರುತು ಕಾಯಂ ಆಗಿ ಉಳಿಯುವುದುಂಟು. ಮಣಿ, ಟಿಕಲಿ, ಕನ್ನಡಿ, ಗುಂಡಿ, ಗೆಜ್ಜೆ ಒಂದೂ ಬೇಡ, ಎಷ್ಟು ಗಟ್ಟಿಯಾಗಿ ಹೊಲಿದರೂ ಬೇಡ. ಕೂಸು ಆರು ತಿಂಗಳ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಚೀಪುತ್ತದೆ.

### ಕಂಪ್ಯೂಟರ್ ಎಂಬ್ರಾಯ್ಡರಿಗೆ ಕೊಡುವುದಾದರೆ

ಹೆಸರನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದರೆ ಅಂಗಡಿಯ ಸಾಫ್ಟ್‌ವೇರ್ ಒತ್ತಕ್ಷರವನ್ನು ಒಡೆದು 'ಮಲ್‌ಲಿಕಾರ್‌ಜುನ' ಎಂದು ಹೊಲಿದುಬಿಡಬಹುದು. ಕಾಗದದ ಮೇಲೆ ದಪ್ಪಗೆ ಬರೆದ ಅಥವಾ ಮುದ್ರಿಸಿದ ಹೆಸರಿನ ಚಿತ್ರ ಕೊಡಿ, ಚಿಂದಿಯ ಮೇಲೆ ಒಂದು ಮಾದರಿ ತೆಗೆಸಿ ಅಕ್ಷರಕ್ಷರ ಓದಿ, ಆಮೇಲೆ ಒಪ್ಪಿಗೆ ಹೇಳಿ. ಯಂತ್ರದಲ್ಲಿ ಹೊಲಿಯುವಾಗ ಹಿಂಬದಿಗೆ ಇಡುವ ಗಟ್ಟಿ ಕಾಗದ ಕೂಸಿಗೆ ಚುಚ್ಚುತ್ತದೆ. ಇಲ್ಲೂ ಪಟ್ಟಿಯ ಮೇಲೆ ಹಾಕಿಸುವುದೇ ಮೇಲು. ಕೊಂಡ ಉಲನ್ ಚಾದರಕ್ಕೆ ನೇರವಾಗಿ ಹಾಕಿಸಿದ್ದರೆ ಆ ಹಿಂಬದಿಗೆ ಮೆತ್ತನೆಯ ನೂಲಿನ ತುಂಡು ಹೊಲಿದು ಮುಚ್ಚಿ. ಇಸ್ತ್ರಿಯಲ್ಲಿ ಅಂಟಿಸುವ ಅಕ್ಷರಗಳು ಕೆಲವು ಒಗೆತಕ್ಕೆ ಎದ್ದು ಬರುತ್ತವೆ, ಎದ್ದದ್ದು ಕೂಸಿನ ಬಾಯಿ ಸೇರುತ್ತದೆ.

## ಹಂತ 4: ಪದರ ಕೂಡಿಸಿ ಟಾಕಿ ಹಾಕಿ

ನೆಲ ಒರೆಸಿ, ಹಿಂಬದಿಯ ಬಟ್ಟೆಯನ್ನು ಉಲ್ಟಾ ಹಾಸಿ, ನಾಲ್ಕು ಮೂಲೆಗೂ ಕಾಗದದ ಟೇಪು ಅಂಟಿಸಿ. ಬಿಗಿಯಾಗಿ ಎಳೆಯಬೇಡಿ, ಸುಕ್ಕು ಹೋದರೆ ಸಾಕು. ಅದರ ಮೇಲೆ ಮಧ್ಯದ ಪದರ, ಮೇಲೆ ಸೀರೆ. ಈಗ ಉದ್ದ ಉದ್ದ ಕಚ್ಚಾ ಹೊಲಿಗೆ: ನಡುವಿನಿಂದ ಅಂಚಿಗೆ, ಅಂಗೈ ಅಗಲಕ್ಕೆ ಒಂದು ಸಾಲು. ಅವಸರಕ್ಕೆ ಬಿಟ್ಟುಬಿಡುವ ಕೆಲಸ ಇದೇ, ಕೌದಿ ಸೊಟ್ಟಗಾಗುವುದೂ ಇದರಿಂದಲೇ.

ಪಕ್ಕಾ ಟಾಕಿಯನ್ನು ಊರಿನ ವಾಡಿಕೆಯಂತೆ ಮೂಲೆಯಿಂದ ಸುತ್ತುತ್ತ ಒಳಗೆ ಒಯ್ಯಬಹುದು, ಕಚ್ಚಾ ಹೊಲಿಗೆ ಚೆನ್ನಾಗಿದ್ದರೆ ನಡುವೆ ಉಬ್ಬು ಬರುವುದಿಲ್ಲ. ಸಾಲಿನ ನಡುವೆ 2 ಸೆಂ.ಮೀ., ಟಾಕಿಯ ಉದ್ದ 4ರಿಂದ 5 ಮಿ.ಮೀ. ಇದಕ್ಕಿಂತ ಉದ್ದದ ಟಾಕಿಯೊಳಗೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ದಾರ ಮುಗಿದಾಗ ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ. ನಾಲ್ಕೈದು ಸಾಲಿಗೊಮ್ಮೆ ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ನೆರಿಗೆ ಕಂಡರೆ ದಾರ ಬಿಗಿಯಾಗಿದೆ, ಆ ಸಾಲನ್ನು ಆಗಲೇ ಬಿಚ್ಚಿ.

ಹೊಲಿಗೆ ಮುಗಿದ ಮೇಲೆ 75 × 90ಕ್ಕೆ ಅಂಚು ಸರಿಮಾಡಿ ಪಟ್ಟಿ ಹೊಲಿಯಿರಿ. ಮೂಲೆಗಳಿಗೆ ತ್ರಿಕೋನದ ಹೂವು, ಗೊಂಡೆ ಇಡುವ ವಾಡಿಕೆ ದೊಡ್ಡ ಕೌದಿಗೆ ಚಂದ. ಕೂಸಿನದಕ್ಕೆ ಮೂಲೆಯನ್ನು ಸಪಾಟಾಗಿ ಮಡಚಿ ಮುಗಿಸಿ.

## ಹಂತ 5: ಹೆಸರು ಕೂಡಿಸಿ, ಕಡೆಯ ತಪಾಸಣೆ

ಪಟ್ಟಿಯ ನಾಲ್ಕೂ ಬದಿ 1 ಸೆಂ.ಮೀ. ಒಳಮಡಚಿ, ಕೌದಿಯ ಕೆಳಗಿನ ಮೂಲೆಯ ಹತ್ತಿರ ಇಟ್ಟು, ಒತ್ತೊತ್ತಾಗಿ 3 ಮಿ.ಮೀ.ಗೆ ಒಂದರಂತೆ ಮರೆ ಟಾಕಿ ಹಾಕಿ. ಸೂಜಿ ಮೇಲಿನ ಪದರಕ್ಕೆ ಮಾತ್ರ ಕಚ್ಚಲಿ. ಹೆಸರಿನ ಹಿಂಬದಿಯ ದಾರಗಳೆಲ್ಲ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತವೆ. ನಡುಮಧ್ಯದಲ್ಲಿ ಇಟ್ಟರೆ ಕೂಸು ಅದರ ಮೇಲೇ ಮಲಗುತ್ತದೆ, ಹೆಸರು ಕಾಣುವುದಿಲ್ಲ, ಬೆನ್ನಿಗೂ ಒತ್ತುತ್ತದೆ.

ಕಚ್ಚಾ ದಾರ ಎಲ್ಲ ತೆಗೆದು ಒಗೆಯಿರಿ. ಒಣಗಿದ ಮೇಲೆ ಕಣ್ಣಿಗಿಂತ ಕೈಯನ್ನು ನಂಬಿ: ಎರಡೂ ಬದಿಯಲ್ಲಿ ಅಂಗೈ ಆಡಿಸುತ್ತ ಚುಚ್ಚುವ ಗಂಟು, ಉಳಿದ ಪಿನ್ನು, ಸಡಿಲ ದಾರ ಹುಡುಕಿ.

## ಹಂತ 6: ತೊಟ್ಟಿಲಿಗೆ ಜಾಗ, ಆಮೇಲೆ ಅಲಂಕಾರ

ತೊಟ್ಟಿಲು ತಾಯಿಯ ಮಂಚ ಅಥವಾ ಹೊರಸಿನ ಪಕ್ಕದಲ್ಲೇ ಇರಲಿ, ಕನಿಷ್ಠ ಮೊದಲ ಆರು ತಿಂಗಳು. ಅದರ ನೇರ ಮೇಲೆ ನಾಗಂದಿಗೆ, ಗಾಜಿನ ಫೋಟೊ, ಗಡಿಯಾರ ಇರಬಾರದು. ಕೈಚಾಚಿದರೆ ಪರದೆಯ ಹಗ್ಗ, ಮೊಬೈಲ್ ಚಾರ್ಜರಿನ ವಯರು, ಕೂಲರಿನ ಪ್ಲಗ್ಗು ಸಿಗಬಾರದು. ತಿಜೋರಿಯನ್ನೂ ಎತ್ತರದ ಕಪಾಟನ್ನೂ ಎಲ್ ಕ್ಲ್ಯಾಂಪಿನಿಂದ ಗೋಡೆಗೆ ಬಿಗಿಯಿರಿ. ಕೂಸು ಹಿಡಿದು ನಿಲ್ಲಲು ಕಲಿತ ದಿನ ಇದರ ಬೆಲೆ ತಿಳಿಯುತ್ತದೆ.

ಬೀಗರಿಂದಲೋ ನೆರೆಯವರಿಂದಲೋ ತಂದ ಹಳೆಯ ಮರದ ತೊಟ್ಟಿಲಾದರೆ ಮೂರು ಕಡೆ ನೋಡಿ. ಕಂಬಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಹಾಸಿಗೆ ಮತ್ತು ಬದಿಯ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಉಳಿಯಬಾರದು. ಕೊಂಡಿ, ಸರಪಳಿ ಸವೆದಿರಬಾರದು. ಹತ್ತು ಕಿಲೋ ಜೋಳದ ಚೀಲ ಇಟ್ಟು ತೂಗಿ ನೋಡಿ. ಬಣ್ಣ ಚಕ್ಕೆ ಏಳುತ್ತಿದ್ದರೆ ಒಣ ಪಾಲೀಶ್ ಕಾಗದದಿಂದ ಉಜ್ಜಬೇಡಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಧೂಳು ಕೋಣೆ ತುಂಬುತ್ತದೆ. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ತೊಟ್ಟಿಲನ್ನು ನೋಡಲಿಕ್ಕೆ, ಕಾರ್ಯದ ದಿನ ಕೂಸನ್ನು ಹಾಕಿ ಹಾಡಲಿಕ್ಕೆ ಇಟ್ಟುಕೊಂಡು, ದಿನದ ನಿದ್ದೆಗೆ ಬೇರೆ ವ್ಯವಸ್ಥೆ ಮಾಡುವುದು ಜಾಣತನ.

ಸೀರೆ ಕಟ್ಟಿದ ಜೋಳಿಗೆಯ ಬಗ್ಗೆ ಹಿರಿಯರ ಜೊತೆ ವಾದ ಆಗುವುದು ಖಂಡಿತ. ಜೋಳಿಗೆಯ ತಳ ಸಪಾಟಾಗಿರುವುದಿಲ್ಲ, ಕತ್ತು ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಅತ್ತಾಗ ಎದುರಿಗೇ ಕೂತು ತೂಗಿ ಸಮಾಧಾನ ಮಾಡಿ, ನಿದ್ದೆ ಹತ್ತಿದ ಕೂಡಲೇ ಸಪಾಟು ಜಾಗಕ್ಕೆ ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿರಲಿ, ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದೇ ನೂಲಿನ ಹಾಸು. ತಲೆ ಗುಂಡಗಾಗಲಿ ಎಂದು ಇಡುವ ರಾಗಿ, ಸಾಸಿವೆಯ ದಿಂಬೂ ಬೇಡ.

## ಹಂತ 7: ಗೋಡೆ, ತೋರಣ, ತೂಗುಗೊಂಬೆ

ಹುಟ್ಟಿದ ಕೂಸಿಗೆ ಸ್ಪಷ್ಟ ಕಾಣುವುದು 20ರಿಂದ 30 ಸೆಂ.ಮೀ. ದೂರ, ಎತ್ತಿಕೊಂಡವರ ಮುಖದಷ್ಟು. ಗೋಡೆಯ ಅಲಂಕಾರ ಏನಿದ್ದರೂ ನೋಡಲು ಬರುವ ನೆಂಟರಿಗೆ, ಹಾಗಾಗಿ ಅದನ್ನು ತೊಟ್ಟಿಲಿನಿಂದ ದೂರ ಇಟ್ಟರೆ ಕೂಸಿಗೆ ನಷ್ಟವೇನಿಲ್ಲ.

ಖಣದ ತೋರಣಕ್ಕೆ ಎದುರು ಗೋಡೆಯೋ ಬಾಗಿಲ ಮೇಲ್ಭಾಗವೋ ಸರಿಯಾದ ಜಾಗ. ಉಳಿದ ಇಳಕಲ್ ಸೆರಗಿನ ತುಂಡನ್ನು ರಟ್ಟಿಗೆ ಬಿಗಿದು ಗಾಜಿಲ್ಲದ ಚೌಕಟ್ಟಿನಲ್ಲಿ ಹಾಕಬಹುದು. ತೊಟ್ಟಿಲಿನ ಮೇಲಿನ ಗಿಳಿ, ಗುಬ್ಬಿಯ ಗೊಂಚಲು ಕೂಸಿನ ಕೈಗೆ ಎಟುಕದಷ್ಟು ಎತ್ತರಕ್ಕಿರಲಿ. ಕೂಸು ಅಂಗೈ ಊರಿ ಮೇಲೇಳಲು ಶುರುಮಾಡಿದ ದಿನ, ಇಲ್ಲವೇ ಐದು ತಿಂಗಳು ತುಂಬಿದಾಗ, ಯಾವುದು ಮೊದಲೋ ಆಗ ಅದನ್ನು ಬಿಚ್ಚಿಬಿಡಿ. ದೃಷ್ಟಿಗೆ ಕಟ್ಟುವ ಕರಿಮಣಿ, ಪಿನ್ನಿಗೆ ಸಿಕ್ಕಿಸಿದ ತಾಯಿತವನ್ನು ತೊಟ್ಟಿಲ ಕಂಬಿಗೆ ಕಟ್ಟದೆ ಬಾಗಿಲ ಹೊರಗೆ ಕಟ್ಟಿ. ದೃಷ್ಟಿ ಬರುವುದೂ ಹೊರಗಿನಿಂದಲೇ ಎಂದರೆ ಅಜ್ಜಿಯೂ ಒಪ್ಪುತ್ತಾಳೆ. ಸಂಗೀತದ ಗೊಂಬೆಯೊಳಗಿನ ಗುಂಡಿ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದ ಸೆಲ್ಲು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ, ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬೆಳಗಾವಿಯ ಮಳೆಗಾಲದಲ್ಲಿ ಹೊರಗೋಡೆಗೆ ಬೂಸು ಹಿಡಿಯುತ್ತದೆ. ಅದರ ಮೇಲೆ ಸ್ಟಿಕರ್, ವಾಲ್‌ಪೇಪರ್ ಅಂಟಿಸಿದರೆ ಬೂಸು ಒಳಗೇ ಬೆಳೆಯುತ್ತದೆ. ತೊಟ್ಟಿಲನ್ನು ಒಳಗೋಡೆಯ ಕಡೆ ಇಡಿ. ಬಣ್ಣ ಬಳಿಸುವುದಿದ್ದರೆ ಹೆರಿಗೆಗೆ ಒಂದು ತಿಂಗಳ ಮೊದಲೇ ಮುಗಿಯಲಿ.

## ಹಂತ 8: ಸೆಕೆ, ಹೊಗೆ, ಸೊಳ್ಳೆ

ಹೊರಸಿನ ಕೆಳಗೆ ಕೆಂಡ ಇಟ್ಟು ಬಾಣಂತಿಗೆ ಶಾಖ ಕೊಡುವಾಗ ಕೂಸು ಆ ಕೋಣೆಯಲ್ಲಿ ಇರಬಾರದು, ಬಾಗಿಲು ಕಿಟಕಿ ಮುಚ್ಚಿರಲೂ ಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಾಯಿಗೂ ಕೂಸಿಗೂ ಅದು ಜೀವಕ್ಕೆ ಕುತ್ತು. ಲೋಬಾನ, ಊದುಬತ್ತಿ, ಸೊಳ್ಳೆಬತ್ತಿಯ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಆಗದು. ಸೊಳ್ಳೆಗೆ ಪರದೆಯೇ ಸಾಕು, ಅದರ ಅಂಚು ಬಿಗಿಯಾಗಿ ಸಿಕ್ಕಿರಲಿ, ಬಟ್ಟೆ ಮುಖಕ್ಕೆ ಜೋತುಬೀಳದಿರಲಿ. ಕೂಲರ್ ಹಾಕುವವರು ಕಿಟಕಿ ತೆರೆದಿಟ್ಟು, ಗಾಳಿಯನ್ನು ಕೂಸಿನ ಕಡೆಗಲ್ಲದೆ ಗೋಡೆಗೆ ತಿರುಗಿಸಿ. ವಾರಕ್ಕೊಮ್ಮೆ ಅದರ ನೀರು ಚೆಲ್ಲಿ ಉಜ್ಜದಿದ್ದರೆ ಡೆಂಗಿಯ ಸೊಳ್ಳೆ ಮನೆಯೊಳಗೇ ಹುಟ್ಟುತ್ತದೆ.

ಕೂಸಿಗೆ ಸೆಕೆಯಾಗಿದೆಯೇ ಎಂದು ಅಂಗೈ ಅಂಗಾಲು ಮುಟ್ಟಿ ನೋಡಿದರೆ ತಿಳಿಯದು, ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗಕ್ಕೋ ಎದೆಗೋ ಬೆರಳು ಇಡಿ. ಅಲ್ಲಿ ಬೆವರು, ಕೆಂಪಗಾದ ಮುಖ, ಒದ್ದೆ ಕೂದಲು, ಏದುಸಿರು ಕಂಡರೆ ಕುಂಚಿಗೆ ತೆಗೆದು ಒಂದು ಪದರ ಬಟ್ಟೆ ಕಡಿಮೆ ಮಾಡಿ. ದೊಡ್ಡವರು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚು ಸಾಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡದೆ ವೈದ್ಯರ ಹತ್ತಿರ ಒಯ್ಯಿರಿ.

## ಬಳಕೆಯಲ್ಲಿ ಗಮನಿಸಬೇಕಾದ್ದು

ಕೌದಿಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಉಲ್ಟಾ ಮಾಡಿ ಒಣಹಾಕಿ. ಕಂಫರ್ಟ್‌ನಂಥ ಸುವಾಸನೆಯ ದ್ರಾವಣ ಬೇಡ. ಪ್ರತಿ ಒಗೆತದ ನಂತರ ಹೆಸರಿನ ಪಟ್ಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಬೆರಳ ತುದಿ ಒಳಗೆ ಹೋಗುವಷ್ಟು ಬಿಚ್ಚಿದ್ದರೆ ಅಂದೇ ಹೊಲಿಯಿರಿ. ಟಾಕಿ ಕಿತ್ತು ದಾರದ ಕುಣಿಕೆ ಎದ್ದಿದ್ದರೆ ಕತ್ತರಿಸಿ, ಎರಡೂ ತುದಿಯನ್ನು ಪದರದೊಳಗೆ ತಳ್ಳಿ, ಆ ಸಾಲನ್ನು ಹೊಸ ದಾರದಿಂದ ಮತ್ತೆ ಹೊಲಿಯಿರಿ. ಎಳೆಗೂಸಿನ ಬೆರಳಿಗೋ ಕಾಲ್ಬೆರಳಿಗೋ ದಾರ ಸುತ್ತಿಕೊಂಡು ರಕ್ತ ನಿಂತು ಊದಿಕೊಳ್ಳುವುದುಂಟು. ಕಾರಣವಿಲ್ಲದೆ ಒಂದೇ ಸಮನೆ ಅಳುತ್ತಿದ್ದರೆ ಹೊಟ್ಟೆನೋವೆಂದು ಓಮಿನ ನೀರು ಹುಡುಕುವ ಮೊದಲು ಕೈಕಾಲಿನ ಬೆರಳುಗಳನ್ನು ಬಿಡಿಸಿ ನೋಡಿ.

ಕೌದಿ ಎತ್ತಿಡುವ ಕಾಲ ಬಂದಾಗ ಚೆನ್ನಾಗಿ ಒಣಗಿಸಿ, ನೂಲಿನ ಚೀಲದಲ್ಲಿ ಹಾಕಿ, ಚೀಲದ ಬಾಯಿಗೆ ಒಂದು ಚೀಟಿ ಹೊಲಿಯಿರಿ: ಡಾಂಬರ ಗುಳಿಗೆ ಹಾಕಬಾರದು.